ರಾಶಿಯ ಮುಂದೆ ಆಡದ ಮಾತು

ಸುರೇಬಾನದ ಹೊಲಗಳಲ್ಲಿ ಜೋಳದ ರಾಶಿ ನಡೆದಿರುವಾಗ ಚಪ್ಪಲಿ ಮೆಟ್ಟಿಕೊಂಡೇ ಕಣದೊಳಗೆ ಬರುವವಳು ಊರಿಗೆಲ್ಲ ಒಬ್ಬಳೇ, ನಮ್ಮ ಪಕ್ಕದ ಮನೆಯ ಶಟ್ಟೆವ್ವ. ಬಂದವಳು ಯಾರ ಯೋಗಕ್ಷೇಮವನ್ನೂ ಕೇಳುವುದಿಲ್ಲ. ಸೀದಾ ರಾಶಿ ಮಷೀನಿನ ಹತ್ತಿರ ಹೋಗಿ, ತಿರುಗುವ ಬೆಲ್ಟಿನ ಮೇಲೆ ಬಲೆಯಂಥ ಕಬ್ಬಿಣದ ಜಾಳಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಾಳೆ. ಆಮೇಲೆ ತೆನೆ ಹಾಕುವ ಹೆಂಗಸರ ಸೆರಗು, ಬಳೆ, ಗಂಡಸರ ಕೊರಳಿನ ವಸ್ತ್ರ. ಯಾವುದಾದರೂ ಜೋತಾಡುತ್ತಿದ್ದರೆ ಎರಡೂ ಕೈ ಮೇಲೆತ್ತಿ "ನಿಂದ್ರಸ್ರಿ" ಎಂದು ಕೂಗುತ್ತಾಳೆ. ಮಷೀನು ನಿಲ್ಲುತ್ತದೆ. ಹೊಲದ ಮಾಲೀಕನ ಮುಖ ಹುಳ್ಳಗಾಗುತ್ತದೆ.

ಹುಳ್ಳಗಾಗುವುದಕ್ಕೆ ಕಾರಣವಿದೆ. ನಮ್ಮ ಕಡೆ ಕಣವೆಂದರೆ ದೇವರ ಜಗಲಿ ಇದ್ದ ಹಾಗೆ. ಚಪ್ಪಲಿ ಬದುವಿನ ಆಚೆ ಬಿಡಬೇಕು. ರಾಶಿಯನ್ನು ದಾಟಬಾರದು, ಎಷ್ಟೇ ಅವಸರವಿದ್ದರೂ ಸುತ್ತು ಹಾಕಿಯೇ ಹೋಗಬೇಕು. ಮೊದಲ ಅಳತೆಯನ್ನು ಒಂದು ಎನ್ನದೆ ಲಾಭ ಎನ್ನಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ನಾಲಿಗೆಯದು. ಆ ಲಾಭ ಅಳೆಯುವ ತನಕ ಕಣದಲ್ಲಿ 'ಸಾಕು' ಎಂದಾಗಲಿ, 'ತೀರಿತು' ಎಂದಾಗಲಿ, 'ನಿಂದ್ರಸು' ಎಂದಾಗಲಿ ಯಾರ ಬಾಯಿಂದಲೂ ಬರಬಾರದು. ಬಂದರೆ ಹುಲುಸು ಅಲ್ಲಿಗೇ ನಿಲ್ಲುತ್ತದೆ, ಸಾಕೆಂದರಲ್ಲ ಎಂದು ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ನಂಬಿಕೆ. ಎತ್ತು ಹೋದವು, ಅವುಗಳಿಂದ ತೆನೆ ತುಳಿಸುವ ಹಂತಿ ಹೋಯಿತು, ಕಣದ ನಡುವಿನ ಮೇಟಿಕಂಬವೂ ಹೋಯಿತು. ಈ ಕಟ್ಟಳೆ ಮಾತ್ರ ಹೋಗಲಿಲ್ಲ. ಮೇಟಿಗೆ ಹಚ್ಚುತ್ತಿದ್ದ ವಿಭೂತಿಯನ್ನು ಈಗ ಟ್ರ್ಯಾಕ್ಟರಿನ ಗಾಲಿಗೆ ಹಚ್ಚುತ್ತೇವೆ, ಅಷ್ಟೇ ವ್ಯತ್ಯಾಸ.

ಇಷ್ಟು ಹೊತ್ತಿಗೆ ನೀವು ಶಟ್ಟೆವ್ವನನ್ನು ಶಾಸ್ತ್ರ ಸಂಪ್ರದಾಯ ಗೊತ್ತಿಲ್ಲದ ಗಯ್ಯಾಳಿ ಅಂದುಕೊಂಡಿರಬಹುದು. ತಮಾಷೆಯೇ ಅಲ್ಲಿರುವುದು. ಈ ಕಟ್ಟಳೆಗಳನ್ನು ಊರಿನ ತಲೆಗೆ ತಿಕ್ಕಿ ತಿಕ್ಕಿ ಉಳಿಸಿದವಳೇ ಶಟ್ಟೆವ್ವ.

ಆಕೆಯ ತವರು ಮುನವಳ್ಳಿ ಕಡೆ. ನವಿಲುತೀರ್ಥದ ಕಾಲುವೆ ನೀರು ಕಂಡ ಸೀಮೆಯಿಂದ ನಮ್ಮ ಒಣಬೇಸಾಯದ ಎರೆಹೊಲಕ್ಕೆ ಸೊಸೆಯಾಗಿ ಬಂದಾಗ, "ನೀರಿನ ಊರಾಕಿ, ಈಕಿಗೇನ ಗೊತ್ತ ಜ್ವಾಳದ ಬದುಕ" ಎಂದು ಓಣಿಯ ಹೆಂಗಸರು ನಕ್ಕರಂತೆ. ಅದು ಆಕೆಗೆ ನಾಟಿತು. ಅತ್ತೆಯ ಬೆನ್ನು ಹತ್ತಿ ಕಣದ ಪಾಠವನ್ನೆಲ್ಲ ಕಲಿತಳು. ಕಡೆಗೆ ನಕ್ಕ ಹೆಂಗಸರ ಮನೆಯ ರಾಶಿಗೂ ಲಾಭ ಅಳೆಯಲು ಶಟ್ಟೆವ್ವನೇ ಬೇಕಾದಳು. ಆಕೆಯ ಕೈಗುಣ ಒಳ್ಳೆಯದು ಎಂದು ಊರೆಲ್ಲ ನಂಬಿತು. ದೊಡ್ಡ ಹೊಲದ ಬಸವಣ್ಣೆಪ್ಪನಂಥ ಬಿಗುಮಾನದ ಮನುಷ್ಯನೂ ಆಕೆಯನ್ನು ಕರೆತರಲು ಮೋಟಾರ್ ಸೈಕಲ್ ಕಳಿಸುತ್ತಿದ್ದ. ಗಂಡ ಸಿದ್ದರಾಮ ಬೇನೆ ಬಿದ್ದು ಬೇಗ ತೀರಿಕೊಂಡ. ಮಗ ಮಾಂತೇಶನನ್ನು ದೊಡ್ಡವನನ್ನು ಮಾಡಿ ಹೊಲ ಬೀಳು ಬಿಡದೆ ನಡೆಸಿದ ಹೆಂಗಸು ಅವಳು. ಕಣದ ತುದಿಯಲ್ಲಿ ಮೊರ ಹಿಡಿದು ಆಕೆ ಕೂತರೆ ಕೆಮ್ಮಲಿಕ್ಕೂ ನಾವು ಹೆದರುತ್ತಿದ್ದೆವು.

ಮಾಂತೇಶನಿಗೆ ಸವದತ್ತಿ ಸೀಮೆಯಿಂದ ರಂಜನಾಳನ್ನು ತಂದರು. ಪಿಯುಸಿ ಓದಿದ ಹುಡುಗಿ. ನಗುವವಳು. ಅವಳ ನಗೆ ಗೋಡೆ ದಾಟಿ ನಮ್ಮ ಪಡಸಾಲೆಗೆ ಬರುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳವೂ ಬರುತ್ತಿತ್ತು, ಎರಡು ಕೈಯ ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಹಾಳೆಯಂಥ ರೊಟ್ಟಿ. ನನ್ನ ಹೆಂಡತಿ ಮೀನಾ ಅವಳ ರೊಟ್ಟಿಯನ್ನು ಹೊಗಳಿ ಹೊಗಳಿ ನನ್ನನ್ನೇ ಪೇಚಿಗೆ ಸಿಕ್ಕಿಸುತ್ತಿದ್ದಳು. ಹೌದೆಂದರೂ ಕಷ್ಟ, ಅಲ್ಲವೆಂದರೂ ಕಷ್ಟ.

ಮದುವೆಯಾದ ವರ್ಷದ ರಾಶಿಯಲ್ಲಿ, ಲಾಭ ಅಳೆಯುವ ಮುಂಚೆ, ಮಷೀನಿನ ಕಾಳನ್ನು ರಾಶಿಗೆ ಒಯ್ಯುವ ಚೀಲದ ಬಾಯಿ ಹಿಡಿದು ರಂಜನಾ ನಿಂತಿದ್ದಳು. ಮಾಂತೇಶ ಜೋಳ ಸುರಿಯುತ್ತಿದ್ದ. ಚೀಲ ತುಂಬಿ ಮೇಲೆ ಚೆಲ್ಲತೊಡಗಿದಾಗ ಅವಳು ನಗುತ್ತ, "ಸಾಕ್ರಿ ಸಾಕು, ತುಂಬೇತಿ" ಅಂದುಬಿಟ್ಟಳು. ಶಟ್ಟೆವ್ವ ಮೊರ ಎಸೆದು ಎದ್ದಳು.

"ಬಾಯಿಗೆ ಕೀಲಿ ಹಾಕ್ಕೋ ಮೊದ್ಲ. ಕಣದಾಗ ಸಾಕು ಅಂದ್ರ ಮನಿತನಕ್ಕ ಸಾಕ ಅಂದಂಗ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ?"

ಕೂಲಿಯವರು, ನೆರೆಹೊಲದವರು, ನಾವೆಲ್ಲ ನೋಡುತ್ತ ನಿಂತಿದ್ದೆವು. ಹೊಸ ಸೊಸೆಯ ಕೈಯಲ್ಲಿ ತೆಂಗಿನಕಾಯಿ ಕೊಟ್ಟು, ರಾಶಿಗೆ ಅಡ್ಡಬಿದ್ದು ತಪ್ಪಾಯಿತೆನ್ನಲು ಹೇಳಿದಳು. ರಂಜನಾ ಹಾಗೆಯೇ ಮಾಡಿದಳು. ಆ ದಿನ ಮತ್ತೆ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ಮುಂದಿನ ವರ್ಷದಿಂದ ಚೀಲ ತುಂಬಿದರೆ ಅವಳು ಬಾಯಿ ತೆರೆಯದೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. "ಒಮ್ಮಿ ಹೇಳಿದ್ದಕ್ಕ ಕಲ್ತಳ ನೋಡ್ರಿ ನನ್ನ ಸೊಸಿ" ಎಂದು ಶಟ್ಟೆವ್ವ ಹತ್ತು ಜನರೆದುರು ಹೇಳಿಕೊಂಡು ಹಿಗ್ಗುತ್ತಿದ್ದಳು. ನಾವೂ ತಲೆಯಾಡಿಸಿದೆವು. ಒಳ್ಳೆಯ ಸೊಸೆ ಎಂದೆವು.

ಮೂರ್ನಾಲ್ಕು ಸುಗ್ಗಿ ಕಳೆದ ಮೇಲೆ ಆ ರಾಶಿ ಬಂತು.

ಮಷೀನು ಕಲ್ಮೇಶನದು. ರಾಮದುರ್ಗದ ಹತ್ತಿರದ ಹಳ್ಳಿಯವನು, ಸುಗ್ಗಿಯಲ್ಲಿ ಬಾಡಿಗೆಗೆ ಊರೂರು ತಿರುಗುತ್ತಾನೆ. ಮಷೀನಿನ ಪಕ್ಕಕ್ಕೆ ದೊಡ್ಡ ಚಕ್ರ, ಅದರ ಮೇಲೆ ಬೆಲ್ಟು. ಆ ಚಕ್ರದ ಮೇಲೆ ಜಾಳಿ ಇರಬೇಕು. ಮಷೀನು ಮಾಡಿದವರು ಜಾಳಿ ಕೊಟ್ಟೇ ಕೊಟ್ಟಿರುತ್ತಾರೆ. ಹೊಟ್ಟು ಸಿಕ್ಕಿಕೊಂಡು ಕೆಲಸ ಕೆಡುತ್ತದೆ ಎಂದು ಅದನ್ನು ಬಿಚ್ಚಿ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದರು. ಕಟ್ಟಿದ್ದನ್ನು ಕಲ್ಮೇಶ ನೋಡಿದ್ದ, ಮಾಂತೇಶ ನೋಡಿದ್ದ, ಹಾದಿಯಲ್ಲಿ ಹೋದ ನಾನೂ ನೋಡಿದ್ದೆ. ನಮ್ಮ ಕಡೆ ಅಪಾಯ ಅಳೆಯುವ ಸೇರು ಒಂದೇ. ನಿನ್ನೆ ಏನೂ ಆಗಲಿಲ್ಲ, ಅಂದ ಮೇಲೆ ಇವತ್ತೂ ಏನೂ ಆಗುವುದಿಲ್ಲ.

ರಂಜನಾ ತೆನೆ ಹಾಕುತ್ತಿದ್ದಳು. ಶಟ್ಟೆವ್ವ ರಾಶಿಯ ಈಚೆ ಕೂತು ಕಾಳಿನಲ್ಲಿದ್ದ ಕಡ್ಡಿ ಆರಿಸುತ್ತಿದ್ದಳು. ತಲೆ ಎತ್ತಿದಾಗ, ಸೊಸೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಜಾರಿ ಚಕ್ರದ ಕಡೆ ಗಾಳಿಗೆ ಹಾರಾಡುವುದು ಕಂಡಿತು. ಕಂಡ ಕೂಡಲೇ ಬಾಯಿಗೆ ಬಂದದ್ದು 'ನಿಂದ್ರಸು' ಎಂಬ ಮಾತೇ. ಲಾಭ ಇನ್ನೂ ಅಳೆದಿರಲಿಲ್ಲ. ಜೀವಮಾನವೆಲ್ಲ ಯಾರ ಬಾಯಿಂದಲೂ ಬರದಂತೆ ತಾನೇ ಕಾದ ಮಾತನ್ನು ಆಕೆ ನುಂಗಿದಳು. ಕೂಗುವ ಬದಲು ಎದ್ದು ಹೋಗಿ ಸೆರಗು ಸಿಕ್ಕಿಸಿ ಬರೋಣ ಎಂದು ಹೊರಟಳು. ನಡುವೆ ರಾಶಿ. ನೇರ ಹೋದರೆ ನಾಲ್ಕು ಹೆಜ್ಜೆ. ದಾಟಬಾರದಲ್ಲ, ಸುತ್ತು ಹಾಕಿ ಹೊರಟಳು.

ಸುತ್ತು ಮುಗಿಯುವುದರೊಳಗೆ ಬೆಲ್ಟು ಸೆರಗನ್ನು ಎಳೆದುಕೊಂಡಿತ್ತು. ಸೆರಗು ಬಿಡಿಸಿಕೊಳ್ಳಲು ಹೋದ ಬಲಗೈಯನ್ನೂ ಎಳೆದುಕೊಂಡಿತು.

ಕಲ್ಮೇಶ ಬಂದ್ ಮಾಡಿದ. ಮಾಂತೇಶ ಅವಳನ್ನು ಎತ್ತಿಕೊಂಡು ಓಡಿದ. ರಾಮದುರ್ಗದಲ್ಲಿ ಪಟ್ಟಿ ಕಟ್ಟಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಜೀವ ಉಳಿಯಿತು. ಮೊಣಕೈ ಕೆಳಗಿನ ಕೈ ಉಳಿಯಲಿಲ್ಲ.

ಊರು ತನಗೆ ಬೇಕಾದ ಕಾರಣ ಹುಡುಕಿಕೊಂಡಿತು. ಹಣೆಬರಹ ಎಂದರು. ಮಷೀನು ಬಲಿ ಬೇಡಿತು ಎಂದರು. ಹಾಗೆಂದವರೇ ವಂತಿಗೆ ಹಾಕಿ ಮಷೀನಿಗೆ ಕಾಯಿ ಒಡೆದು ನಿಂಬೆಹಣ್ಣು ಕಟ್ಟಿದರು. ನನಗೆ ಸಿಟ್ಟು ಬಂತು. ಜಾಳಿ ಕಟ್ಟುವ ಜಾಗದಲ್ಲಿ ನಿಂಬೆಹಣ್ಣು ಕಟ್ಟಿದರೆ ಮುಂದಿನ ಸೆರಗನ್ನು ಅದೇನು ತಡೆದೀತೆ? ಹಾಗೆಂದು ಕೇಳಿದ್ದಕ್ಕೆ ನನ್ನನ್ನು ನಾಸ್ತಿಕ ಎಂದರು. ಇರಲಿ.

ಶಟ್ಟೆವ್ವ ಮಾತ್ರ ಹಣೆಬರಹ ಎನ್ನಲಿಲ್ಲ. ತಾನು ನೋಡಿಯೂ ಕೂಗಲಿಲ್ಲ ಎನ್ನುವುದನ್ನು ಮೀನಾಳ ಮುಂದೆ ಅತ್ತುಕೊಂಡು ಹೇಳಿದಳು, ರಂಜನಾಳ ಮುಂದೆ ಹೇಳಲಾಗಲಿಲ್ಲ. ಮಾತು ಆಡಿದರೆ ಹೋಯಿತು ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಆಡದೆ ಹೋದ ಮಾತು ಹೀಗೆ ಗಂಟಲಲ್ಲೇ ಕೂತು ಕೊರೆಯುತ್ತದೆ ಎಂಬುದು ಆಕೆಯನ್ನು ನೋಡಿದ ಮೇಲೆ ನನಗೆ ಗೊತ್ತಾಯಿತು.

ಮನೆಯಲ್ಲಿ ರಂಜನಾಳ ನಗೆ ನಿಂತಿತು. ಎಡಗೈಯಲ್ಲಿ ಕಸ ಗುಡಿಸುವುದು, ನೀರು ತುಂಬುವುದು, ತನ್ನ ಪುಟ್ಟ ಮಗಳ ಜಡೆಗೆ ಹಲ್ಲಿನಿಂದ ರಿಬ್ಬನ್ ಕಚ್ಚಿ ಕಟ್ಟುವುದು, ಎಲ್ಲ ಕಲಿತಳು. ರೊಟ್ಟಿ ಮಾತ್ರ ಒಂದು ಕೈಗೆ ಬಗ್ಗಲಿಲ್ಲ. ಶಟ್ಟೆವ್ವ ಮುದಿ ಸೊಂಟ ಹಿಡಿದುಕೊಂಡು ಮತ್ತೆ ಒಲೆಯ ಮುಂದೆ ಕೂತಳು. ಗೋಡೆಯಾಚೆಯಿಂದ ಬರುವ ರೊಟ್ಟಿಯ ಸಪ್ಪಳ ಬೇರೆಯಾಯಿತು, ನಡುನಡುವೆ ನಿಂತು ದಮ್ಮು ತೆಗೆದುಕೊಳ್ಳುವ ಸಪ್ಪಳ. ಸೊಸೆ ಬೈಯಲಿಲ್ಲ, ಆಡಿಕೊಳ್ಳಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. "ಒಮ್ಮಿ ಬಾಯಿ ತುಂಬ ಬೈದಿದ್ರ ನಾ ಉಳೀತಿದ್ನಿ, ಮೀನಾ" ಎಂದು ಶಟ್ಟೆವ್ವ ಅನ್ನುತ್ತಿದ್ದಳು. ಸೊಸೆಯ ಬಾಯಿ ಮತ್ತೆ ತೆರೆಯಬೇಕು, ಬೈಗುಳಕ್ಕಾದರೂ ಸರಿ. ಆಕೆ ದೇವರಲ್ಲಿ ಬೇಡುತ್ತಿದ್ದದ್ದು ಅದೊಂದನ್ನೇ.

ಮರುವರ್ಷ ಸುಗ್ಗಿಯ ಮುಂಚೆ ಕೃಷಿ ಇಲಾಖೆಯ ತರುಣ ಅಧಿಕಾರಿಯೊಬ್ಬ ಊರಿಗೆ ಬಂದು ಸಮುದಾಯ ಭವನದಲ್ಲಿ ಸಭೆ ಮಾಡಿದ. ಚಹಾ ಚೂಡಾ ಇದೆ ಎಂದು ಬಂದವರೇ ಹೆಚ್ಚು. ಶಟ್ಟೆವ್ವ ಮಾತ್ರ ಮುಂದೆ ಹೋಗಿ ಕೂತಳು. ಅವನು ಚೆನ್ನಾಗಿ ಹೇಳಿದ. "ಮಷೀನ ಚಾಲೂ ಮಾಡೂದ್ಕಿಂತ ಮೊದ್ಲ ಅದರ ಸುತ್ತ ಒಮ್ಮೆ ಅಡ್ಡ್ಯಾಡ್ರಿ. ಇದರಾಗ ಏನ ಸಿಗಬಹುದು, ಯಾರದು ಸಿಗಬಹುದು ಅಂತ ನಿಮ್ಮನ್ನ ನೀವ ಕೇಳ್ರಿ. ಸಿಕ್ಕ ಮ್ಯಾಲ ಓಡೂದಲ್ರಿ, ಸಿಗೂದ್ಕಿಂತ ಮೊದ್ಲ ನೋಡೂದು." ಜಾಳಿ ಬಿಚ್ಚಬಾರದು, ಸೆರಗನ್ನು ಬಿಗಿಯಾಗಿ ಕಟ್ಟಬೇಕು, ಬಂದ್ ಮಾಡುವವನು ಮಷೀನು ಬಿಟ್ಟು ಬೀಡಿ ಸೇದಲು ಹೋಗಬಾರದು ಎಂದೆಲ್ಲ ವಿವರಿಸಿದ.

ಶಟ್ಟೆವ್ವ ಎದ್ದು ನಿಂತಳು. "ಸಾಹೇಬ್ರ, ನಿಂದ್ರಸ್ರಿ ಅನ್ನಾಕ ಕಣದಾಗ ಯಾರಿಗೆ ಹಕ್ಕ ಐತ್ರಿ?"

"ಯಾರ ನೋಡ್ತಾರ ಅವರಿಗೆ ಐತ್ರೆವ್ವ."

"ಮಾಲಕರ ಆಗಿರಬೇಕೇನ್ರಿ?"

"ಇಲ್ರಿ. ಯಾರಾದ್ರೂ ಆಗಬಹುದು."

"ನನ್ನಂಥ ಮುದಕಿ ಆದ್ರೂ ನಡೀತೈತ್ರಿ?"

"ನಡೀತೈತ್ರೆವ್ವ" ಎಂದು ಅವನು ಪಾಪ ನಕ್ಕ. ಆಕೆ ನಗಲಿಲ್ಲ. ಇನ್ನೊಮ್ಮೆ ಎಲ್ಲರಿಗೂ ಕೇಳುವಂತೆ ಹೇಳಲು ಕೇಳಿಕೊಂಡಳು. ಅವನು ಹೇಳಿದ.

ಆ ಸುಗ್ಗಿಯಿಂದ ಶಟ್ಟೆವ್ವ ಚಪ್ಪಲಿ ಮೆಟ್ಟಿದಳು. ಕಡ್ಡಿ ಚುಚ್ಚಿ ಎಡವಿದರೂ ಮಷೀನಿನ ಮೇಲೆಯೇ ಬೀಳುತ್ತಾರೆ, ಅದಕ್ಕೆ ಚಪ್ಪಲಿ ಬೇಕು ಎಂದು ವಾದ. ಕರೆದರೂ ಬರುತ್ತಾಳೆ, ಕರೆಯದಿದ್ದರೂ ಬರುತ್ತಾಳೆ. ಲಾಭ ಅಳೆಯಲು ಆಕೆಯನ್ನು ಕರೆಯುವುದನ್ನು ಜನ ಬಿಟ್ಟರು. ಹುಡುಗರು ನಿಂದ್ರಸವ್ವ ಎಂದು ಹೆಸರಿಟ್ಟರು. ಬಸವಣ್ಣೆಪ್ಪನ ಕಣದಲ್ಲಿ ಅವನ ಕೊರಳಿನ ವಸ್ತ್ರವೇ ಬೆಲ್ಟಿನ ಕಡೆ ತೂಗುತ್ತಿತ್ತು. ಶಟ್ಟೆವ್ವ ಕೂಗಿದಳು. ಅವನು ಕೆಂಡವಾದ.

"ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ನಿನ್ನ ಮನಿ ಕೆಟ್ಟೈತಿ ಅಂತ ನನ್ನ ರಾಶಿ ಯಾಕ ಕೆಡಸ್ತಿ?"

"ಹೌದಪಾ, ಕೆಟ್ಟ ಮ್ಯಾಲ ಬಂತು. ನಿನಗ ಕೆಡೂದ್ಕಿಂತ ಮೊದ್ಲ ಬರಲಿ ಅಂತ ಬಂದೇನಿ. ವಸ್ತ್ರ ತಗದ ಇಡು."

ಆ ವರ್ಷ ಬಸವಣ್ಣೆಪ್ಪನಿಗೆ ಜೋಳ ಕಡಿಮೆ ಬಂತು. ಬೆಳೆಗೆ ಸಾಲು ಹಿಡಿದು ಬಿದ್ದ ಹುಳುವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಿಂದ್ರಸವ್ವನ ಬಾಯಿಯನ್ನು ಹಿಡಿದರು. ಆಕೆ ಬರುತ್ತಾಳೆಂದು ದೂರದಿಂದ ಕಂಡರೆ ಮಷೀನನ್ನು ಬೇಗ ಬೇಗ ಓಡಿಸಿ ಮುಗಿಸುವವರೂ ಇದ್ದರು. ಒಬ್ಬ ಕಲ್ಮೇಶ ಬದಲಾದ. ವೆಲ್ಡಿಂಗ್ ಅಂಗಡಿಯಲ್ಲಿ ಹೊಸ ಜಾಳಿ ಮಾಡಿಸಿ, ಬೇಗ ಬಿಚ್ಚಲಾಗದಂತೆ ಬಿಗಿಸಿದ. ಹೊಟ್ಟು ಸಿಕ್ಕರೆ ಮಷೀನು ನಿಲ್ಲಿಸಿಯೇ ತೆಗೆಯುತ್ತಾನೆ. ರಂಜನಾಳ ಮನೆ ಮುಂದೆ ಹಾಯುವಾಗ ಮಾತ್ರ ಅವನು ಇವತ್ತಿಗೂ ತಲೆ ತಗ್ಗಿಸುತ್ತಾನೆ.

ಇಷ್ಟೆಲ್ಲ ಕೂಗಿದರೂ ಶಟ್ಟೆವ್ವನ ಗಂಟಲಿನ ಮುಳ್ಳು ಕರಗಲಿಲ್ಲ. ಹೋದ ಸಲದ ಸುಗ್ಗಿಯ ಮುಂಚೆ, ಒಂದು ಮಧ್ಯಾಹ್ನ, ರೊಟ್ಟಿ ಬಡಿಯುತ್ತ ಬಡಿಯುತ್ತ ಆಕೆ ಕೈ ನಿಲ್ಲಿಸಿದಳು. ರಂಜನಾ ಎಡಗೈಯಲ್ಲಿ ತವೆಯ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಅಲ್ಲಿ ನಡೆದ ಮಾತನ್ನು ಆಮೇಲೆ ಮೀನಾಳಿಗೆ ಹೇಳಿದವಳು ರಂಜನಾಳೇ.

"ನಾ ನೋಡಿದ್ನಿ ಯವ್ವಾ" ಎಂದಳು ಶಟ್ಟೆವ್ವ. "ನಿನ್ನ ಸೆರಗ ಜಾರಿದ್ದು ನೋಡಿದ್ನಿ. ನಿಂದ್ರಸ್ರಿ ಅನ್ನಲಿಲ್ಲ. ರಾಶಿ ಸುತ್ತ ಹಾಕ್ಕೊಂಡ ಬಂದ್ನಿ. ನಿನ್ನ ಕೈ ನಾನ ಕಳದ್ನಿ."

ರಂಜನಾ ರೊಟ್ಟಿ ಮಗುಚಿದಳು. "ನನಗ ಗೊತ್ತೈತಿ ಅತ್ತಿ. ನೀವು ಎದ್ದದ್ದು ಕಂಡಿತ್ತು."

"ಗೊತ್ತಿದ್ದೂ ಬೈಲಿಲ್ಲ ಯಾಕವ್ವಾ?"

ತವೆಯ ಮೇಲೆ ರೊಟ್ಟಿ ಉಬ್ಬಿ ಕೆಳಗಿಳಿಯಿತು.

"ಸೆರಗ ಜಾರಿದ್ದು ನನಗೂ ಗೊತ್ತಾಗಿತ್ತು. ನಿಮಗಿಂತ ಮೊದ್ಲ ಗೊತ್ತಾಗಿತ್ತು. ಕೈಯಾಗ ತೆನಿ ಇದ್ದೂ. ನಿಂದ್ರಸ್ರಿ ಅನ್ನಬೇಕಂತ ಬಾಯಿಗಿ ಬಂದಿತ್ತು." ಅವಳು ಅತ್ತೆಯ ಮುಖ ನೋಡಲಿಲ್ಲ. "ನೀವು ರಾಶಿ ಮುಂದ ಕುಂತಿದ್ರಿ ಅತ್ತಿ. ಎಲ್ಲಾರ ಮುಂದ ಮತ್ತ ಕಾಯಿ ಹಿಡಿಸ್ತೀರೇನೋ ಅಂತ ಸುಮ್ಮಾದ್ನಿ."

ಶಟ್ಟೆವ್ವ ಹಿಟ್ಟಿನ ಕೈಯನ್ನು ತೊಳೆಯಲೂ ಇಲ್ಲ, ಹಾಗೇ ಎದ್ದು ಹಿತ್ತಲಿಗೆ ಹೋಗಿ ಕೂತಳಂತೆ. ಅಂದು ಆ ಮನೆಯಲ್ಲಿ ರೊಟ್ಟಿ ಪೂರ್ತಿಯಾಗಲಿಲ್ಲ. ಇಷ್ಟು ವರ್ಷ ಆಕೆ ತಾನು ನುಂಗಿದ ಒಂದು ಮಾತಿಗಾಗಿ ಅತ್ತಿದ್ದಳು. ಸೊಸೆಯ ಬಾಯಲ್ಲಿದ್ದ ಮಾತನ್ನೂ ತಾನೇ ಎಂದೋ ಕಿತ್ತುಕೊಂಡಿದ್ದೆ ಎಂಬುದು ಆಕೆಗೆ ಹೊಳೆದಿರಲೇ ಇಲ್ಲ. ಕಣದಲ್ಲಿ ನಿಂತು ನೋಡಿ ಒಳ್ಳೆಯ ಸೊಸೆ ಎಂದು ತಲೆಯಾಡಿಸಿದ ನಮಗೂ ಹೊಳೆದಿರಲಿಲ್ಲ. ಸೊಸೆ ಒಮ್ಮೆ ಹೇಳಿದ್ದಕ್ಕೆ ಕಲಿತಿದ್ದಳು.

ಬಹಳ ದಿನ ಶಟ್ಟೆವ್ವ ಹೊರಗೆ ಬರಲಿಲ್ಲ. ಜೋಳ ಕೊಯ್ದು, ತೆನೆ ಮುರಿದು, ಮಾಂತೇಶ ಕಲ್ಮೇಶನಿಗೆ ಫೋನು ಮಾಡಿದ. ರಾಶಿಯ ದಿನ ಬೆಳಿಗ್ಗೆ ಶಟ್ಟೆವ್ವ ಸೊಸೆಯ ಮುಂದೆ ಒಂದು ಜೊತೆ ಚಪ್ಪಲಿ ಇಟ್ಟಳು.

"ನೀ ಬಾ ಯವ್ವಾ. ಇವತ್ತ ರಾಶಿ ಮುಂದ ನೀ ಕುಂದರು. ನಾ ನಿನ್ನ ಹಿಂದ ಇರತೇನಿ."

ಆ ಘಟನೆಯಾದ ಮೇಲೆ ರಂಜನಾ ಕಣದ ಕಡೆ ಮುಖ ಹಾಕಿರಲಿಲ್ಲ. ಅಂದು ಬಂದಳು. ಮೀನಾ, ನಾನು ಕೂಡ ಹೋಗಿದ್ದೆವು. ಕಲ್ಮೇಶ ಜಾಳಿಯನ್ನು ಕೈಯಿಂದ ಅಲುಗಾಡಿಸಿ ತೋರಿಸಿದ. ತೆನೆ ಹಾಕುವ ಹೆಂಗಸರು ಸೆರಗು ಬಿಗಿದು ಮೇಲೊಂದು ಹಳೆಯ ಅಂಗಿ ತೊಟ್ಟಿದ್ದರು. ಮಷೀನು ಚಾಲೂ ಆಯಿತು, ಹೊಟ್ಟು ಹಾರಿತು, ಕಾಳು ಬಿದ್ದು ಬಿದ್ದು ರಾಶಿ ಮೊಣಕಾಲೆತ್ತರಕ್ಕೆ ಬೆಳೆಯಿತು. ರಂಜನಾ ಮಷೀನನ್ನೇ ನೋಡುತ್ತ ಕೂತಿದ್ದಳು. ಅವಳ ಹಿಂದೆ ಶಟ್ಟೆವ್ವ.

ಲಾಭ ಇನ್ನೂ ಅಳೆದಿರಲಿಲ್ಲ. ರಂಜನಾ ಎದ್ದು ನಿಂತು, "ನಿಂದ್ರಸ್ರಿ" ಎಂದು ಕೂಗಿದಳು.

ಅವಳ ದನಿ ಅಷ್ಟು ದೊಡ್ಡದಿದೆ ಎಂದು ನಾವ್ಯಾರೂ ತಿಳಿದಿರಲಿಲ್ಲ. ಕಲ್ಮೇಶ ಕೂಡಲೇ ಬಂದ್ ಮಾಡಿದ. ಜಾಳಿಯ ಹಿಂದೆ ಚಕ್ರ ಅರೆಸುತ್ತು ತಿರುಗಿ ನಿಂತಿತು. ತೆನೆ ಹಾಕುತ್ತಿದ್ದವರು ಹಿಂದೆ ಸರಿದು ತಮ್ಮ ತಮ್ಮ ಕೈ ನೋಡಿಕೊಂಡರು. ಮಾಂತೇಶ ಓಡಿ ಬಂದ.

"ಏನಾತ್ರಿ ವೈನಿ?" ಎಂದು ಕಲ್ಮೇಶ ಟ್ರ್ಯಾಕ್ಟರಿನಿಂದ ಇಳಿದು ಕೇಳಿದ.

ರಂಜನಾ ರಾಶಿಯನ್ನು ಸುತ್ತಿ ಆಚೆ ಹೋಗಿ, ನಿಂತ ಚಕ್ರವನ್ನು ಹತ್ತಿರದಿಂದ ನೋಡುತ್ತಿದ್ದಳು.

"ಏನೂ ಆಗಿಲ್ಲಣ್ಣಾ" ಎಂದಳು. "ನಿಂದ್ರಸ್ರಿ ಅಂದ್ರ ಎಷ್ಟ ಲಗೂ ನಿಂದರ್ತೈತಿ ಅಂತ ನೋಡಿದ್ನಿ."

ಯಾರೂ ನಗಲಿಲ್ಲ, ಯಾರೂ ಬೈಯಲಿಲ್ಲ. ಹಾರಿದ ಹೊಟ್ಟು ಮೆಲ್ಲಗೆ ಎಲ್ಲರ ತಲೆಯ ಮೇಲೆ ಇಳಿಯುತ್ತಿತ್ತು. ಶಟ್ಟೆವ್ವ ಸೊಸೆಯತ್ತ ಬರಲು ಹೊರಟಳು. ರಾಶಿ ಅಡ್ಡ ಬಂತು. ಈ ಸಲ ಸುತ್ತು ಹಾಕಲಿಲ್ಲ, ಕಾಳಿನ ಮೇಲೆ ಹೆಜ್ಜೆಯಿಟ್ಟು ನೇರವಾಗಿ ದಾಟಿದಳು. ಬಂದು ರಂಜನಾಳ ಬಲಗಡೆಯ, ಕೈ ಇಲ್ಲದ ತೋಳನ್ನು ಹಿಡಿದುಕೊಂಡು ದೊಡ್ಡ ದನಿ ತೆಗೆದು ಅತ್ತಳು. ರಾಶಿಯ ಮುಂದೆ ಅಳಬಾರದು ಎಂಬುದೂ ನಮ್ಮಲ್ಲಿ ಒಂದು ಕಟ್ಟಳೆ. ಅದನ್ನು ಆ ದಿನ ಆಕೆಗೆ ಯಾರೂ ನೆನಪಿಸಲಿಲ್ಲ.